ಮಿದುಳಿನ ರಕ್ತನಾಳದ ವಂಶಪಾರಂಪರ್ಯ ಕಾಯಿಲೆ: ಚರ್ಮದ ಕೋಶಗಳ ಪ್ರೋಟೀನ್ ಏನನ್ನು ಹೇಳುತ್ತದೆ?

ಪ್ರಶ್ನೆ: ನಮ್ಮ ತಂದೆಗೆ ಐವತ್ತೆರಡನೆಯ ವಯಸ್ಸಿನಲ್ಲಿ ಎರಡನೆಯ ಬಾರಿ ಪಾರ್ಶ್ವವಾಯು ಆದಾಗ, ಎಂಆರ್‌ಐ ನೋಡಿದ ನರರೋಗ ತಜ್ಞರು ಇದು ಕ್ಯಾಡಸಿಲ್ ಎಂಬ ವಂಶಪಾರಂಪರ್ಯ ಕಾಯಿಲೆ ಇರಬಹುದೆಂದು ಹೇಳಿ, ರಕ್ತದ ಜೀನ್ ಪರೀಕ್ಷೆಯ ಜೊತೆಗೆ ತೋಳಿನಿಂದ ಚರ್ಮದ ಚಿಕ್ಕ ತುಣುಕನ್ನೂ ತೆಗೆದು ಪರೀಕ್ಷಿಸಿದರು. ಕಾಯಿಲೆ ಖಚಿತವಾಯಿತು. ಈಗ ಒಂದು ಸಂಶೋಧನಾ ತಂಡ, ಚರ್ಮದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಪ್ರೋಟೀನ್‌ಗಳ ಪ್ರಮಾಣ ಅಳೆಯುವುದಕ್ಕಾಗಿ ನನ್ನ ಮತ್ತು ನನ್ನ ಅಕ್ಕನ ಚರ್ಮದ ಮಾದರಿಯನ್ನೂ ಕೇಳುತ್ತಿದೆ. ಮಿದುಳಿನ ಕಾಯಿಲೆಗೆ ಚರ್ಮ ಏಕೆ? ‘ರೋಗಿಗಳ ಚರ್ಮದ ಕೋಶಗಳಲ್ಲಿ ಪ್ರೋಟೀನ್ ಅಭಿವ್ಯಕ್ತಿ ಬದಲಾಗಿದೆ’ ಎಂಬ ವರದಿಗಳನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಈ ಪರೀಕ್ಷೆಯಿಂದ ನಮಗೂ ಕಾಯಿಲೆ ಬರುವುದೋ ಇಲ್ಲವೋ ಎಂದು ತಿಳಿಯುವುದೇ?

ಉತ್ತರ: ನಿಮ್ಮ ತಂದೆಯವರ ಚರ್ಮದಲ್ಲಿ ವೈದ್ಯರು ನೋಡಿದ್ದು ಮತ್ತು ಸಂಶೋಧನಾ ತಂಡ ಈಗ ನೋಡಲು ಹೊರಟಿರುವುದು ಎರಡು ಬೇರೆ ಬೇರೆ ಸಂಗತಿಗಳು ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಎರಡಕ್ಕೂ ಬೇಕಾಗುವುದು ಕೆಲವೇ ಮಿಲಿಮೀಟರ್ ಅಗಲದ ಒಂದೇ ಬಗೆಯ ಚರ್ಮದ ತುಣುಕು. ಆದರೆ ಮೊದಲನೆಯದರಲ್ಲಿ ಆಸಕ್ತಿ ಇರುವುದು ಚರ್ಮದೊಳಗೆ ಹಾದುಹೋಗುವ ಸಣ್ಣ ಧಮನಿಗಳ ಗೋಡೆಯಲ್ಲಿ, ಎರಡನೆಯದರಲ್ಲಿ ಆಸಕ್ತಿ ಇರುವುದು ಚರ್ಮದ ಆಧಾರ ಅಂಗಾಂಶವನ್ನು ಕಟ್ಟುವ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳಲ್ಲಿ. ‘ಚರ್ಮದ ಕೋಶ’ ಎಂಬ ಒಂದೇ ಮಾತಿನಡಿ ಇವೆರಡನ್ನೂ ಸೇರಿಸಿ ಓದುವುದರಿಂದಲೇ ಈ ವಿಷಯದಲ್ಲಿ ಬಹುಪಾಲು ಗೊಂದಲ ಹುಟ್ಟುತ್ತದೆ. ಯಾವ ಪ್ರೋಟೀನ್ ಕುರಿತು ಮಾತು ನಡೆದಿದೆ, ಅದನ್ನು ಚರ್ಮದ ಯಾವ ಕೋಶ ತಯಾರಿಸುತ್ತದೆ, ಅಳೆದದ್ದು ತಯಾರಿಕೆಯನ್ನೋ ಶೇಖರಣೆಯನ್ನೋ ಅಥವಾ ಕೆಲಸವನ್ನೋ ಎಂದು ಕೇಳಿಕೊಂಡರೆ ಹೆಚ್ಚಿನ ವರದಿಗಳು ತಾವಾಗಿಯೇ ತಿಳಿಯಾಗುತ್ತವೆ.

ಕ್ಯಾಡಸಿಲ್‌ನಿಂದಲೇ ಆರಂಭಿಸೋಣ. ಈ ಕಾಯಿಲೆಗೆ ಕಾರಣವಾದ ನಾಚ್3 ಜೀನ್ 19ನೆಯ ಕ್ರೋಮೋಸೋಮಿನಲ್ಲಿದೆ. ಕಾಯಿಲೆಯ ಜೀನ್ ಈ ಕ್ರೋಮೋಸೋಮಿನಲ್ಲಿದೆ ಎಂಬುದನ್ನು 1993ರಲ್ಲಿಯೂ ಅದು ನಾಚ್3 ಎಂಬುದನ್ನು 1996ರಲ್ಲಿಯೂ ಫ್ರಾನ್ಸಿನ ಸಂಶೋಧಕರು ಗುರುತಿಸಿದರು. ಈ ಜೀನ್ ಸೂಚಿಸುವ ಪ್ರೋಟೀನ್ 2,321 ಅಮೈನೋ ಆಮ್ಲಗಳಷ್ಟು ಉದ್ದವಾಗಿದ್ದು, ಕೋಶದ ಪೊರೆಯಲ್ಲಿ ನೆಟ್ಟುಕೊಂಡು ಹೊರಗಿನ ಸಂದೇಶವನ್ನು ಒಳಗೆ ಮುಟ್ಟಿಸುತ್ತದೆ. ಪೊರೆಯ ಹೊರಗೆ ಚಾಚಿಕೊಂಡಿರುವ ಅದರ ಭಾಗದಲ್ಲಿ ಒಂದೇ ಮಾದರಿಯ 34 ಖಂಡಗಳು ಸಾಲಾಗಿವೆ. ಪ್ರತಿ ಖಂಡದಲ್ಲಿಯೂ ಸಿಸ್ಟೀನ್ ಎಂಬ ಅಮೈನೋ ಆಮ್ಲ ಆರು ಕಡೆ ಇದ್ದು, ಅವು ಎರಡೆರಡಾಗಿ ಗಂಧಕದ ಬಂಧದಿಂದ ಜೋಡಿಯಾಗಿ ಖಂಡದ ಮಡಿಕೆಯನ್ನು ಹಿಡಿದಿಡುತ್ತವೆ. ಕ್ಯಾಡಸಿಲ್ ಉಂಟುಮಾಡುವ ಬಹುತೇಕ ಎಲ್ಲ ಜೀನ್ ಬದಲಾವಣೆಗಳೂ ಒಂದು ಸಿಸ್ಟೀನನ್ನು ಕಳೆಯುತ್ತವೆ ಅಥವಾ ಹೊಸದೊಂದನ್ನು ಸೇರಿಸುತ್ತವೆ. ಹಾಗಾಗಿ ಆ ಖಂಡದಲ್ಲಿ ಐದು ಅಥವಾ ಏಳು ಸಿಸ್ಟೀನ್‌ಗಳಾಗಿ, ಜೋಡಿ ಸಿಗದೆ ಒಂಟಿಯಾಗಿ ಉಳಿದದ್ದು ಪಕ್ಕದ ಅಣುಗಳಿಗೆ ಅಂಟಿಕೊಳ್ಳತೊಡಗುತ್ತದೆ. ದೋಷ ಮೊದಲ ಆರು ಖಂಡಗಳಲ್ಲಿದ್ದರೆ ಕಾಯಿಲೆ ಸಾಮಾನ್ಯವಾಗಿ ಬೇಗ ಕಾಣಿಸಿಕೊಂಡು ತೀವ್ರವಾಗಿರುತ್ತದೆ, ಮುಂದಿನ ಖಂಡಗಳಲ್ಲಿದ್ದರೆ ಬಹಳ ಮಂದಿಯಲ್ಲಿ ಸೌಮ್ಯವಾಗಿರುತ್ತದೆ. ಇದು ನಿಮ್ಮ ಕುಟುಂಬಕ್ಕೆ ಉಪಯುಕ್ತವಾದ ಮಾಹಿತಿಯಾದುದರಿಂದ ತಂದೆಯವರ ಜೀನ್ ವರದಿಯಲ್ಲಿ ಬದಲಾವಣೆ ಯಾವ ಖಂಡದಲ್ಲಿದೆ ಎಂದು ಅವರ ವೈದ್ಯರನ್ನು ಕೇಳಿ.

ವಯಸ್ಕರಲ್ಲಿ ನಾಚ್3 ಪ್ರೋಟೀನನ್ನು ಮುಖ್ಯವಾಗಿ ತಯಾರಿಸುವುದು ಧಮನಿಯ ಗೋಡೆಯಲ್ಲಿರುವ ನಯಸ್ನಾಯು ಕೋಶಗಳು ಮತ್ತು ಲೋಮನಾಳಗಳನ್ನು ತಬ್ಬಿಕೊಂಡಿರುವ ಪೆರಿಸೈಟ್‌ಗಳು. ಧಮನಿಗಳು ಮಿದುಳಿನಲ್ಲಿ ಮಾತ್ರವಲ್ಲ, ಸ್ನಾಯುವಿನಲ್ಲೂ ಮೂತ್ರಪಿಂಡದಲ್ಲೂ ಚರ್ಮದಲ್ಲೂ ಇವೆ. ಆದುದರಿಂದ ರೋಗಲಕ್ಷಣಗಳು ಮಿದುಳಿಗೇ ಬಹುಮಟ್ಟಿಗೆ ಸೀಮಿತವಾಗಿದ್ದರೂ ರಕ್ತನಾಳದ ಗೋಡೆಯ ಬದಲಾವಣೆ ದೇಹದಲ್ಲೆಲ್ಲ ಕಂಡುಬರುತ್ತದೆ. ಚರ್ಮದ ತುಣುಕನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಿರುಧಮನಿಗಳ ನಯಸ್ನಾಯು ಕೋಶಗಳ ಸುತ್ತ ಆಧಾರವಾಗಿರುವ ತೆಳುಪದರದಲ್ಲಿ, ಅಂದರೆ ತಳಪೊರೆಯಲ್ಲಿ, ಗಾಢಬಣ್ಣದ ಕಣಕಣವಾದ ನಿಕ್ಷೇಪಗಳು ಕಾಣುತ್ತವೆ. ಇವು ಕ್ಯಾಡಸಿಲ್‌ನ ಗುರುತು. ಇನ್ನೊಂದು ವಿಧಾನದಲ್ಲಿ, ನಾಚ್3ರ ಹೊರಭಾಗವನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯದಿಂದ ಚರ್ಮದ ತೆಳುಸೀಳಿಗೆ ಬಣ್ಣ ಕೊಟ್ಟು ರಕ್ತನಾಳದ ಗೋಡೆಯಲ್ಲಿ ಕಣಕಣವಾದ ಶೇಖರಣೆ ಇದೆಯೇ ಎಂದು ನೋಡುತ್ತಾರೆ. 2001ರಲ್ಲಿ ಈ ವಿಧಾನವನ್ನು ಮೊದಲಿಗೆ ವರದಿ ಮಾಡಿದ ಅಧ್ಯಯನದಲ್ಲಿ ಅದರ ಸೂಕ್ಷ್ಮತೆ (ಕಾಯಿಲೆ ಇರುವವರನ್ನು ಗುರುತಿಸುವ ಪ್ರಮಾಣ) ಶೇಕಡಾ 96 ಹಾಗೂ ನಿರ್ದಿಷ್ಟತೆ (ಇಲ್ಲದವರನ್ನು ಇಲ್ಲವೆಂದೇ ಹೇಳುವ ಪ್ರಮಾಣ) ಶೇಕಡಾ 100 ಎಂದು ಕಂಡುಬಂದಿತ್ತು. ತುಣುಕು ಮೇಲ್ಮೈಯಲ್ಲೇ ನಿಂತು ಒಳಪದರದ ಕಿರುಧಮನಿಗಳು ಅದರಲ್ಲಿ ಸಿಗದೆಹೋದರೆ, ಕಾಯಿಲೆ ಇದ್ದರೂ ವರದಿ ‘ಇಲ್ಲ’ ಎಂದು ಬರಬಹುದು. ಹಾಗಾಗಿ ತೆಗೆಯುವವರ ಕೈ ಮತ್ತು ನೋಡುವವರ ಕಣ್ಣು ಎರಡರ ಅನುಭವವೂ ಇಲ್ಲಿ ಮುಖ್ಯ. ಜೀನ್ ಪರೀಕ್ಷೆ ಸುಲಭವಾದ ಮೇಲೆ ಎಲ್ಲರಿಗೂ ಚರ್ಮದ ಪರೀಕ್ಷೆ ಬೇಕಾಗುವುದಿಲ್ಲ. ಜೀನಿನಲ್ಲಿ ಸಿಕ್ಕ ಬದಲಾವಣೆ ಸಿಸ್ಟೀನಿಗೆ ಸಂಬಂಧಿಸದೆ, ಅದು ರೋಗಕಾರಕವೋ ಅಲ್ಲವೋ ಎಂದು ನಿರ್ಧರಿಸಲಾಗದ ಸಂದರ್ಭದಲ್ಲಿ ಅದು ಈಗಲೂ ಬಹಳ ಬೆಲೆಯುಳ್ಳದ್ದು.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಕ್ಯಾಡಸಿಲ್ ರೋಗಿಯ ರಕ್ತನಾಳದಲ್ಲಿ ನಾಚ್3 ಹೆಚ್ಚಾಗಿದೆ ಎಂದು ಓದಿದೊಡನೆ ಕೋಶ ಅದನ್ನು ಹೆಚ್ಚಾಗಿ ತಯಾರಿಸುತ್ತಿದೆ ಎಂದು ಭಾವಿಸುವುದು ಸಹಜ. ಆದರೆ ಸಂಗತಿ ಹಾಗಿಲ್ಲ. ತೊಟ್ಟಿಯಲ್ಲಿ ನೀರು ಏರಿದೆ ಎಂದರೆ ನಲ್ಲಿ ಜೋರಾಗಿ ಬಿಟ್ಟಿರಬಹುದು, ಇಲ್ಲವೇ ಹೊರದಾರಿ ಕಟ್ಟಿಕೊಂಡಿರಬಹುದು. ನೀರಿನ ಮಟ್ಟವೊಂದನ್ನೇ ನೋಡಿ ಯಾವುದೆಂದು ಹೇಳಲಾಗದು. ಕ್ಯಾಡಸಿಲ್‌ನಲ್ಲಿ ಕಟ್ಟಿಕೊಂಡಿರುವುದು ಹೊರದಾರಿಯೇ. ನಾಚ್3 ಕೋಶದ ಮೇಲ್ಮೈಗೆ ಬರುವ ಮೊದಲೇ ಎರಡು ತುಂಡಾಗಿ ಕತ್ತರಿಸಲ್ಪಟ್ಟು, ಆ ತುಂಡುಗಳು ಮತ್ತೆ ಜೊತೆಗೂಡಿಯೇ ಪೊರೆಯಲ್ಲಿ ನಿಲ್ಲುತ್ತವೆ. 2000ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದಂತೆ ರೋಗಿಗಳ ಮಿದುಳಿನ ರಕ್ತನಾಳಗಳಲ್ಲಿ ಗುಡ್ಡೆಯಾಗುವುದು ಇವುಗಳಲ್ಲಿ ಹೊರಭಾಗದ ತುಂಡು ಮಾತ್ರ; ಪ್ರೋಟೀನ್ ತಯಾರಿಸಲು ಆ ಜೀನ್ ಕಳಿಸುವ ಸಂದೇಶವಾದ ಆರ್‌ಎನ್‌ಎ ಪ್ರಮಾಣ ಏರಿರಲಿಲ್ಲ. ತಯಾರಿಕೆ ಎಂದಿನಂತೆಯೇ ಇದ್ದು, ತೆರವಾಗಬೇಕಾದದ್ದು ತೆರವಾಗದೆ ಉಳಿಯುತ್ತದೆ. ಅಷ್ಟೇ ಅಲ್ಲದೆ, ಹಾಗೆ ಉಳಿದ ರಾಶಿಗೆ ಟಿಂಪ್3, ವಿಟ್ರೊನೆಕ್ಟಿನ್ ಮೊದಲಾದ ಇತರ ಪ್ರೋಟೀನ್‌ಗಳೂ ಸಿಕ್ಕಿಹಾಕಿಕೊಳ್ಳುತ್ತವೆ ಎಂಬುದು ನಂತರದ ಅಧ್ಯಯನಗಳಿಂದ ತಿಳಿದಿದೆ. ಆದುದರಿಂದ ‘ಅಭಿವ್ಯಕ್ತಿ ಹೆಚ್ಚಿದೆ’ ಎಂಬ ವಾಕ್ಯ ಕಂಡಾಗಲೆಲ್ಲ ಅವರು ಆರ್‌ಎನ್‌ಎಯನ್ನೂ ಅಳೆದಿದ್ದಾರೆಯೇ, ಪ್ರೋಟೀನಿನ ಯಾವ ತುಂಡನ್ನು ಅಳೆದಿದ್ದಾರೆ ಎಂದು ನೋಡುವುದು ಅಗತ್ಯ.

ಇನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಫೈಬ್ರೊಬ್ಲಾಸ್ಟ್‌ಗಳ ವಿಚಾರ. ಚರ್ಮದ ತುಣುಕನ್ನು ಪೋಷಕ ದ್ರವದಲ್ಲಿಟ್ಟರೆ ಕೆಲವು ವಾರಗಳಲ್ಲಿ ಅದರ ಅಂಚಿನಿಂದ ಈ ಕೋಶಗಳು ಹೊರಬಂದು ಹರಡಿಕೊಳ್ಳುತ್ತವೆ. ಅವನ್ನು ಪಾತ್ರೆಯಿಂದ ಪಾತ್ರೆಗೆ ವರ್ಗಾಯಿಸಿ ಹೆಚ್ಚಿಸಬಹುದು, ಘನೀಕರಿಸಿ ವರ್ಷಗಟ್ಟಲೆ ಇಡಬಹುದು. ಬದುಕಿರುವ ರೋಗಿಯ ಮಿದುಳಿನ ರಕ್ತನಾಳವನ್ನು ತೆಗೆದು ನೋಡುವುದು ಸಾಧ್ಯವಿಲ್ಲದಿರುವಾಗ, ಅದೇ ಜೀನ್ ದೋಷವನ್ನು ಹೊತ್ತ ಜೀವಂತ ಕೋಶಗಳು ಇಷ್ಟು ಸುಲಭವಾಗಿ ದೊರೆಯುವುದು ದೊಡ್ಡ ಅನುಕೂಲ. ಆದರೆ ನಾಚ್3 ಮಟ್ಟಿಗೆ ಫೈಬ್ರೊಬ್ಲಾಸ್ಟ್ ಸೂಕ್ತವಾದ ಸಾಕ್ಷಿಯಲ್ಲ, ಏಕೆಂದರೆ ಆ ಪ್ರೋಟೀನ್ ಮುಖ್ಯವಾಗಿ ರಕ್ತನಾಳದ ಸ್ನಾಯುಕೋಶಕ್ಕೆ ಸೇರಿದ್ದು. ನಿಮ್ಮ ಮಾದರಿಯಿಂದ ಬೆಳೆಸಿದ ಫೈಬ್ರೊಬ್ಲಾಸ್ಟ್‌ಗಳಲ್ಲಿ ಯಾವುದೋ ಪ್ರೋಟೀನ್ ಏರಿಳಿದದ್ದು ಕಂಡರೆ, ಅದನ್ನು ರಕ್ತನಾಳದಲ್ಲಿ ನಡೆಯುತ್ತಿರುವುದರ ಪ್ರತಿಬಿಂಬವೆಂದು ನೇರವಾಗಿ ಒಪ್ಪಿಕೊಳ್ಳಲು ನಾನು ಹಿಂಜರಿಯುತ್ತೇನೆ.

ಇದೇ ಗುಂಪಿನ ಬೇರೆ ಕೆಲವು ಕಾಯಿಲೆಗಳಲ್ಲಿ ಫೈಬ್ರೊಬ್ಲಾಸ್ಟ್ ನಿಜಕ್ಕೂ ಒಳ್ಳೆಯ ಸಾಕ್ಷಿ, ಏಕೆಂದರೆ ಅಲ್ಲಿ ಕೆಡುವ ಪ್ರೋಟೀನನ್ನು ಅದೇ ಕೋಶ ಸ್ವತಃ ತಯಾರಿಸುತ್ತದೆ. ಇವುಗಳಲ್ಲಿ ನನಗೆ ಅತ್ಯಂತ ಬೋಧಪ್ರದವೆನಿಸುವುದು ಕ್ಯಾರಸಿಲ್. ಜಪಾನಿನ ಕುಟುಂಬಗಳಲ್ಲಿ ಮೊದಲು ವಿವರಿಸಲಾದ ಈ ಕಾಯಿಲೆಯಲ್ಲಿ ಪಾರ್ಶ್ವವಾಯು ಮತ್ತು ಮರೆಗುಳಿತನದ ಜೊತೆಗೆ ಎಳೆಯ ವಯಸ್ಸಿನಲ್ಲೇ ಕೂದಲು ಉದುರುವುದೂ ತೀವ್ರ ಬೆನ್ನುನೋವೂ ಇರುತ್ತವೆ. ತಾಯಿ ಮತ್ತು ತಂದೆ ಇಬ್ಬರಿಂದಲೂ ಬಂದ ಎಚ್‌ಟಿಆರ್‌ಎ1 ಎಂಬ ಜೀನಿನ ದೋಷ ಇದಕ್ಕೆ ಕಾರಣವೆಂದು 2009ರಲ್ಲಿ ತಿಳಿಯಿತು. ಆ ಜೀನ್ ಸೂಚಿಸುವುದು ಇತರ ಪ್ರೋಟೀನ್‌ಗಳನ್ನು ಕತ್ತರಿಸುವ ಒಂದು ಕಿಣ್ವವನ್ನು. ಕೆಲವು ಕುಟುಂಬಗಳಲ್ಲಿ ಜೀನ್ ಸಂದೇಶ ಮಧ್ಯದಲ್ಲೇ ನಿಂತು, ಅದರ ಆರ್‌ಎನ್‌ಎಯನ್ನು ಕೋಶವೇ ನಾಶಮಾಡುವುದರಿಂದ ಪ್ರೋಟೀನ್ ಉತ್ಪತ್ತಿಯಾಗುವುದೇ ಇಲ್ಲ; ಇನ್ನು ಕೆಲವರಲ್ಲಿ ಒಂದೇ ಅಮೈನೋ ಆಮ್ಲ ಬದಲಾಗಿ ಪ್ರೋಟೀನ್ ಇದ್ದರೂ ಅದರ ಕತ್ತರಿಸುವ ಶಕ್ತಿ ಕುಂದಿರುತ್ತದೆ. ಪ್ರಮಾಣವನ್ನು ಮಾತ್ರ ಅಳೆದರೆ ಎರಡನೆಯ ಗುಂಪಿನ ರೋಗಿಯ ಕೋಶ ಆರೋಗ್ಯವಂತನ ಕೋಶದಂತೆಯೇ ತೋರಬಹುದು. ಇನ್ನೂ ಒಂದು ತೊಡಕಿದೆ: ಈ ಕಿಣ್ವದ ಮೂರು ಅಣುಗಳು ಒಟ್ಟುಗೂಡಿ ಒಂದು ಘಟಕವಾಗಿ ಕೆಲಸ ಮಾಡುವುದರಿಂದ, ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ದೋಷವಿರುವವರಲ್ಲಿ ಕೆಟ್ಟ ಅಣು ಒಳ್ಳೆಯ ಅಣುಗಳೊಂದಿಗೆ ಸೇರಿ ಇಡೀ ಘಟಕವನ್ನೇ ನಿಷ್ಫಲಗೊಳಿಸಬಲ್ಲದು. ಒಂದು ಪ್ರತಿಯ ದೋಷವೂ ತಡವಾಗಿ ಬರುವ ಸಣ್ಣ ರಕ್ತನಾಳದ ಕಾಯಿಲೆಗೆ ಕಾರಣವಾಗಬಹುದೆಂದು 2015ರಿಂದೀಚೆಗೆ ಸ್ಪಷ್ಟವಾಗಿದೆ.

ಇದೇ ಕಿಣ್ವದ ಕಥೆಯಲ್ಲಿ ಫೈಬ್ರೊಬ್ಲಾಸ್ಟ್ ಅಧ್ಯಯನದ ಶಕ್ತಿಯೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಕಿಣ್ವದ ಶಕ್ತಿ ಕುಂದಿದಾಗ ಟಿಜಿಎಫ್-ಬೀಟಾ ಎಂಬ ಬೆಳವಣಿಗೆ ಸಂಕೇತದ ಮೇಲಿನ ತಡೆ ಸಡಿಲವಾಗಿ ಆ ಸಂಕೇತ ಏರುತ್ತದೆ ಎಂಬುದು 2009ರ ವಿವರಣೆಯಾಗಿತ್ತು. 2014ರಲ್ಲಿ ರೋಗಿಯ ಚರ್ಮದ ಫೈಬ್ರೊಬ್ಲಾಸ್ಟ್‌ಗಳನ್ನೂ ಈ ಜೀನ್ ಇಲ್ಲದ ಇಲಿಗಳ ಕೋಶಗಳನ್ನೂ ಪರೀಕ್ಷಿಸಿದ ಮತ್ತೊಂದು ತಂಡ ಇದಕ್ಕೆ ವಿರುದ್ಧವಾದುದನ್ನು ಕಂಡಿತು: ಟಿಜಿಎಫ್-ಬೀಟಾವನ್ನು ಕೋಶದ ಹೊರಗೆ ಹಿಡಿದಿಡುವ ಎಲ್‌ಟಿಬಿಪಿ-1 ಎಂಬ ಪ್ರೋಟೀನನ್ನು ಈ ಕಿಣ್ವ ಕತ್ತರಿಸಿ ಸಂಕೇತವನ್ನು ಸುಗಮಗೊಳಿಸುತ್ತದೆ, ಆದುದರಿಂದ ಕಿಣ್ವ ಇಲ್ಲವಾದಾಗ ಸಂಕೇತ ಇಳಿಯುತ್ತದೆ. ಒಂದೇ ಕಾಯಿಲೆ, ಒಂದೇ ಸಂಕೇತ. ನೋಡಿದ ಅಂಗಾಂಶ ಮತ್ತು ವಿಧಾನ ಬೇರೆಯಾದಾಗ ಉತ್ತರವೂ ಬೇರೆಯಾಯಿತು. ಇದರಿಂದ ಯಾರೋ ತಪ್ಪು ಮಾಡಿದರೆಂದು ಅರ್ಥವಲ್ಲ. ತಟ್ಟೆಯಲ್ಲಿ ಒಂಟಿಯಾಗಿ ಬೆಳೆದ ಕೋಶವೂ, ದಶಕಗಳ ಕಾಲ ರಕ್ತದ ಒತ್ತಡಕ್ಕೆ ಒಡ್ಡಿಕೊಂಡು ಹಾನಿಯಾದ ಮಿದುಳಿನ ಧಮನಿಯೂ ರೋಗದ ಒಂದೇ ಹಂತವನ್ನು ತೋರಿಸಬೇಕೆಂದೇನಿಲ್ಲ. ನಿಮ್ಮ ಕುಟುಂಬದ ಕಾಯಿಲೆಗೂ ಈ ಕಿಣ್ವಕ್ಕೂ ನಂಟಿದೆ ಎಂಬುದು ಗಮನಾರ್ಹ: ಕ್ಯಾಡಸಿಲ್ ರೋಗಿಗಳ ಮಿದುಳಿನ ರಕ್ತನಾಳಗಳ ಪ್ರೋಟೀನ್‌ಗಳನ್ನು ಸಮಗ್ರವಾಗಿ ಅಳೆದ 2018ರ ಅಧ್ಯಯನದಲ್ಲಿ, ಎಚ್‌ಟಿಆರ್‌ಎ1 ನಾಚ್3 ನಿಕ್ಷೇಪಗಳಲ್ಲಿ ಸಿಕ್ಕಿಹಾಕಿಕೊಂಡು, ಅದು ಕತ್ತರಿಸಬೇಕಾದ ಪ್ರೋಟೀನ್‌ಗಳು ಉಳಿದುಕೊಂಡಿರುವುದು ಕಂಡುಬಂದಿತು. ಪ್ರಮಾಣ ಹೆಚ್ಚಿದ್ದೂ ಕೆಲಸ ಕಡಿಮೆಯಾಗುವುದೆಂದರೆ ಇದೇ.

ನಾಲ್ಕನೆಯ ಬಗೆಯ ಕೊಲ್ಯಾಜೆನ್ನಿನ ಕಾಯಿಲೆಗಳಲ್ಲಿ ಚಿತ್ರ ಇನ್ನೂ ನೇರವಾಗಿದೆ. ರಕ್ತನಾಳಗಳ ತಳಪೊರೆಯ ಮುಖ್ಯ ಎಳೆಯಾದ ಈ ಕೊಲ್ಯಾಜೆನ್, ಎರಡು ಆಲ್ಫಾ1 ಸರಪಳಿಗಳೂ ಒಂದು ಆಲ್ಫಾ2 ಸರಪಳಿಯೂ ಹೆಣೆದುಕೊಂಡು ಆಗುವಂಥದ್ದು. ಹೆಣಿಗೆ ಬಿಗಿಯಾಗಲು ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಇರಲೇಬೇಕು. ಅದು ಬದಲಾದಾಗ ಹೆಣಿಗೆ ಕೆಟ್ಟು, ಪ್ರೋಟೀನ್ ಹೊರಹೋಗದೆ ಕೋಶದೊಳಗೆ ಪ್ರೋಟೀನ್‌ಗಳು ಮಡಿಕೆಗೊಳ್ಳುವ ಜಾಗವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ತುಂಬಿಕೊಳ್ಳುತ್ತದೆ. ಮಿದುಳಿನ ರಕ್ತಸ್ರಾವಕ್ಕೆ ಇದು ಕಾರಣವಾಗುತ್ತದೆ. ಆಲ್ಫಾ2 ಸರಪಳಿಯಲ್ಲಿ ಇಂಥ ದೋಷವಿದ್ದ ಕುಟುಂಬದಿಂದ ಪಡೆದ ಫೈಬ್ರೊಬ್ಲಾಸ್ಟ್‌ಗಳಿಗೆ, ಪ್ರೋಟೀನ್ ಮಡಿಕೆಗೆ ನೆರವಾಗುವ ಫೀನೈಲ್‌ಬ್ಯುಟಿರೇಟ್ ಎಂಬ ಔಷಧವನ್ನು ಕೊಟ್ಟಾಗ ಒಳಗಿನ ಶೇಖರಣೆ ಇಳಿಯಿತೆಂದು 2014ರಲ್ಲಿ ವರದಿಯಾಯಿತು. ಯೂರಿಯಾ ಚಕ್ರದ ಕಾಯಿಲೆಗಳಿಗೆ ಈ ಔಷಧ ಮೊದಲಿನಿಂದಲೂ ಬಳಕೆಯಲ್ಲಿದೆ. ಆದರೂ ತಟ್ಟೆಯಲ್ಲಿ ಸಿಕ್ಕ ಈ ಫಲವನ್ನು ಚಿಕಿತ್ಸೆ ಎಂದು ಕರೆಯುವ ಕಾಲ ಬಂದಿಲ್ಲ. ಇಲಿಗಳಲ್ಲಿ ಅದು ಮಿದುಳಿನ ರಕ್ತಸ್ರಾವವನ್ನು ತಗ್ಗಿಸಿದರೂ ಎಲ್ಲ ಅಂಗಗಳಲ್ಲಿ ಒಂದೇ ರೀತಿ ಉಪಕಾರ ಮಾಡಲಿಲ್ಲ.

ಚರ್ಮದ ಪ್ರೋಟೀನ್ ಚಿಕಿತ್ಸೆಯ ಅಳತೆಗೋಲಾಗಿ ಬಳಕೆಯಾದ ಉದಾಹರಣೆ ಐಸ್‌ಲ್ಯಾಂಡಿನದು. ಅಲ್ಲಿನ ಕೆಲವು ಮನೆತನಗಳಲ್ಲಿ ಸಿಸ್ಟಾಟಿನ್ ಸಿ ಎಂಬ ಪ್ರೋಟೀನಿನ 68ನೆಯ ಸ್ಥಾನದಲ್ಲಿ ಲ್ಯೂಸಿನ್ ಬದಲು ಗ್ಲುಟಮಿನ್ ಸೇರಿ, ಅದು ಜೋಡಿಜೋಡಿಯಾಗಿ ಅಂಟಿಕೊಂಡು ಮಿದುಳಿನ ಧಮನಿಗಳಲ್ಲಿ ಅಮಿಲಾಯ್ಡ್ ಎಂಬ ಕರಗದ ಎಳೆಗಳಾಗಿ ಶೇಖರವಾಗುತ್ತದೆ. ಇಪ್ಪತ್ತರ ಹರೆಯದಲ್ಲೇ ರಕ್ತಸ್ರಾವ ಆರಂಭವಾಗಿ ಹಲವರು ಮೂವತ್ತರ ಆಸುಪಾಸಿನಲ್ಲಿ ತೀರಿಕೊಳ್ಳುತ್ತಾರೆ. ನಿಕ್ಷೇಪ ಚರ್ಮದಲ್ಲೂ ಆಗುವುದರಿಂದ ಅದನ್ನು ಬಯಾಪ್ಸಿಯಲ್ಲಿ ನೋಡಬಹುದು. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಹಳೆಯ ಔಷಧ ಈ ಅಂಟುವಿಕೆಯನ್ನು ಬಿಡಿಸಬಲ್ಲದೆಂದು ಕಂಡ ಮೇಲೆ, ಅದನ್ನು ತೆಗೆದುಕೊಂಡ ಕೆಲವೇ ರೋಗಿಗಳಲ್ಲಿ ಹೆಚ್ಚಿನವರ ಚರ್ಮದ ನಿಕ್ಷೇಪ ಇಳಿದುದು 2021ರಲ್ಲಿ ವರದಿಯಾಯಿತು. ಚರ್ಮದಲ್ಲಿ ಇಳಿದದ್ದು ಮಿದುಳಿನಲ್ಲೂ ಇಳಿದಿದೆಯೇ ಎಂಬುದನ್ನು ಚರ್ಮವೊಂದೇ ಸಾಬೀತು ಮಾಡಲಾರದು, ಆದರೆ ಇಂಥ ಅಪರೂಪದ ಕಾಯಿಲೆಯಲ್ಲಿ ಬದುಕಿರುವವರ ಮೇಲೆ ಮತ್ತೆ ಮತ್ತೆ ಮಾಡಬಹುದಾದ ಅಳತೆ ಇರುವುದೇ ದೊಡ್ಡ ಸಂಗತಿ. ಇದೇ ಮನೆತನಗಳ ವಂಶಾವಳಿಯನ್ನು ಪರಿಶೀಲಿಸಿದ ಸಂಶೋಧಕರು, 19ನೆಯ ಶತಮಾನದ ಆರಂಭಕ್ಕೆ ಮುಂಚೆ ಹುಟ್ಟಿದ ವಾಹಕರು ಸಾಮಾನ್ಯ ಆಯುಷ್ಯವನ್ನೇ ಬಾಳಿದ್ದರು, ಆ ಬಳಿಕ ಆಯುಷ್ಯ ತೀವ್ರವಾಗಿ ಕುಗ್ಗಿತು ಎಂದು ಕಂಡುಕೊಂಡಿದ್ದಾರೆ. ಜೀನ್ ಅದೇ, ಪ್ರೋಟೀನ್ ಅದೇ. ಆದರೂ ಜನರ ಪಾಡು ಬೇರೆಯಾಯಿತು.

ಇಂಥ ವರದಿಗಳನ್ನು ಓದುವಾಗ ನಾನು ಮೊದಲು ನೋಡುವುದು ಎಷ್ಟು ಮಂದಿಯ ಕೋಶಗಳು ಎಂಬುದನ್ನು. ಅಪರೂಪದ ಕಾಯಿಲೆಯಲ್ಲಿ ಮೂರೋ ನಾಲ್ಕೋ ರೋಗಿಗಳಿರುವುದು ಸಾಮಾನ್ಯ, ಅವರೂ ಒಂದೇ ಮನೆಯವರಾಗಿದ್ದರೆ ಅವರಲ್ಲಿ ರೋಗದ ಜೀನಲ್ಲದೆ ಬೇರೆ ಎಷ್ಟೋ ಜೀನ್‌ಗಳೂ ಒಂದೇ ಆಗಿರುತ್ತವೆ. ಕಂಡ ವ್ಯತ್ಯಾಸ ಕಾಯಿಲೆಯದೋ ಮನೆತನದ್ದೋ ಹೇಳಲಾಗದು. ಒಬ್ಬರ ಕೋಶಗಳನ್ನೇ ಹತ್ತು ತಟ್ಟೆಗಳಲ್ಲಿ ಅಳೆದರೆ ಹತ್ತು ಮಂದಿಯನ್ನು ಅಳೆದಂತಾಗುವುದಿಲ್ಲ. ಹೋಲಿಕೆಗೆ ಬಳಸಿದ ಆರೋಗ್ಯವಂತರ ವಯಸ್ಸು, ಲಿಂಗ, ಚರ್ಮ ತೆಗೆದ ಜಾಗ ಇವೆಲ್ಲ ರೋಗಿಗಳದಕ್ಕೆ ಸರಿಹೊಂದಬೇಕು, ಏಕೆಂದರೆ ತೋಳಿನ ಫೈಬ್ರೊಬ್ಲಾಸ್ಟ್‌ಗೂ ಪಾದದ ಫೈಬ್ರೊಬ್ಲಾಸ್ಟ್‌ಗೂ ಜೀನ್ ಚಟುವಟಿಕೆಯಲ್ಲೇ ವ್ಯತ್ಯಾಸವಿದೆ. ಈ ಕೋಶಗಳು ಮಿತಿಯಿಲ್ಲದೆ ವಿಭಜಿಸುವುದಿಲ್ಲ. ಪಾತ್ರೆ ಬದಲಿಸುತ್ತ ಹೋದಂತೆ ಮುದಿಯಾಗಿ ಅವುಗಳ ಪ್ರೋಟೀನ್‌ಗಳೂ ಬದಲಾಗುತ್ತವೆ, ಹಾಗಾಗಿ ಎಷ್ಟನೆಯ ಪೀಳಿಗೆಯ ಕೋಶಗಳನ್ನು ಹೋಲಿಸಿದ್ದಾರೆಂಬುದು ತಿಳಿದಿರಬೇಕು. ಪ್ರೋಟೀನ್ ಪ್ರಮಾಣವನ್ನು ತೂಗಿ ನೋಡಲು ಸ್ಥಿರವೆಂದು ಭಾವಿಸಿ ಬಳಸುವ ಆಕ್ಟಿನ್‌ನಂಥ ಪ್ರೋಟೀನ್ ಕಾಯಿಲೆಯಿಂದಲೇ ಬದಲಾಗಿದ್ದರೆ ಲೆಕ್ಕವೆಲ್ಲ ವಾಲುತ್ತದೆ. ಕೊನೆಯದಾಗಿ ಸಂಖ್ಯೆಗಳ ಮಾತು: 3,000 ಪ್ರೋಟೀನ್‌ಗಳನ್ನು ಒಮ್ಮೆಗೇ ಹೋಲಿಸಿ, ನೂರಕ್ಕೆ ಐದರಷ್ಟು ಆಕಸ್ಮಿಕತೆಯನ್ನು ಒಪ್ಪಿಕೊಂಡರೆ, ನಿಜವಾದ ವ್ಯತ್ಯಾಸ ಒಂದೂ ಇಲ್ಲದಿದ್ದರೂ ಸುಮಾರು 150 ಪ್ರೋಟೀನ್‌ಗಳು ‘ಬದಲಾದ’ ಪಟ್ಟಿಗೆ ಸೇರುತ್ತವೆ. ಇದಕ್ಕೆ ತಕ್ಕ ತಿದ್ದುಪಡಿ ಮಾಡಿದ್ದಾರೆಯೇ, ಇನ್ನೊಂದು ಗುಂಪಿನ ರೋಗಿಗಳಲ್ಲಿ ಫಲಿತಾಂಶ ಮರುಕಳಿಸಿದೆಯೇ ಎಂಬುದು ವರದಿಯ ತೂಕವನ್ನು ನಿರ್ಧರಿಸುತ್ತದೆ.

ಹಾಗಾದರೆ ಕ್ಯಾಡಸಿಲ್ ಕುಟುಂಬದವರಿಂದ ಫೈಬ್ರೊಬ್ಲಾಸ್ಟ್ ಪಡೆಯುವುದು ವ್ಯರ್ಥವೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಮನುಷ್ಯನ ಚರ್ಮದ ಫೈಬ್ರೊಬ್ಲಾಸ್ಟ್‌ಗಳನ್ನು, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಂತೆ ಹಿಂದಿನ ಸ್ಥಿತಿಗೆ ಒಯ್ಯಬಹುದೆಂದು ಜಪಾನಿನ ಶಿನ್ಯಾ ಯಮನಾಕ ಅವರ ತಂಡ 2007ರಲ್ಲಿ ತೋರಿಸಿದ ಮೇಲೆ, ಅವುಗಳಿಂದ ರಕ್ತನಾಳದ ನಯಸ್ನಾಯು ಕೋಶಗಳನ್ನೂ ಪೆರಿಸೈಟ್‌ಗಳನ್ನೂ ರೂಪಿಸುವುದು ಸಾಧ್ಯವಾಗಿದೆ. ಕ್ಯಾಡಸಿಲ್ ರೋಗಿಗಳಿಂದ ಹೀಗೆ ರೂಪಿಸಿದ ಕೋಶಗಳಲ್ಲಿ ನಾಚ್3 ತನ್ನ ಸಹಜ ನೆಲೆಯಲ್ಲಿ ತಯಾರಾಗುತ್ತದೆ. ಜೀನ್ ತಿದ್ದುವ ತಂತ್ರದಿಂದ ಅದೇ ವ್ಯಕ್ತಿಯ ಕೋಶದಲ್ಲಿ ದೋಷವೊಂದನ್ನೇ ಸರಿಪಡಿಸಿ ಹೋಲಿಸಿದರೆ ಮನೆತನ, ವಯಸ್ಸುಗಳ ಗೊಂದಲ ಬಹುಮಟ್ಟಿಗೆ ಕಳೆಯುತ್ತದೆ. ನಿಮ್ಮನ್ನು ಸಂಪರ್ಕಿಸಿದ ತಂಡ ಇದನ್ನು ಮಾಡಲಿದೆಯೋ ಅಥವಾ ಫೈಬ್ರೊಬ್ಲಾಸ್ಟ್‌ಗಳನ್ನು ಹಾಗೆಯೇ ಅಳೆಯಲಿದೆಯೋ ಎಂದು ಕೇಳಿ. ಉತ್ತರದಿಂದ ಅವರ ಕೆಲಸದ ಗುರಿ ನಿಮಗೆ ತಿಳಿಯುತ್ತದೆ.

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ: ಬೆಳೆಸಿದ ಚರ್ಮದ ಕೋಶಗಳ ಪ್ರೋಟೀನ್ ಪ್ರಮಾಣದಿಂದ ನಿಮಗಾಗಲಿ ಅಕ್ಕನವರಿಗಾಗಲಿ ಕಾಯಿಲೆ ಬರುವುದೋ ಇಲ್ಲವೋ ಎಂದು ಹೇಳಲಾಗದು, ಬಂದರೆ ಯಾವಾಗ ಎಂದೂ ಹೇಳಲಾಗದು. ತಂದೆಯವರ ದೋಷ ನಿಮ್ಮಿಬ್ಬರಿಗೂ ಬಂದಿರುವ ಸಾಧ್ಯತೆ ತಲಾ ಶೇಕಡಾ 50. ಅದನ್ನು ನಿರ್ಧರಿಸುವುದು ರಕ್ತದ ಜೀನ್ ಪರೀಕ್ಷೆ. ತಂದೆಯವರಲ್ಲಿ ಬದಲಾವಣೆ ಯಾವುದೆಂದು ಈಗಾಗಲೇ ಗೊತ್ತಿರುವುದರಿಂದ ಅದೊಂದನ್ನೇ ಹುಡುಕಿದರೆ ಸಾಕು. ಕಾಯಿಲೆಯನ್ನು ಗುಣಪಡಿಸುವ ಅಥವಾ ನಿಲ್ಲಿಸುವ ಔಷಧ ಇಂದು ಇಲ್ಲದಿರುವುದರಿಂದ, ಲಕ್ಷಣಗಳಿಲ್ಲದ ವ್ಯಕ್ತಿ ಈ ಪರೀಕ್ಷೆ ಮಾಡಿಸಿಕೊಳ್ಳುವ ಮೊದಲು ಜೀನ್ ಆಪ್ತಸಮಾಲೋಚಕರೊಂದಿಗೆ ನಿಧಾನವಾಗಿ ಮಾತನಾಡಬೇಕು. ಮಾಡಿಸಿಕೊಳ್ಳದಿರುವುದೂ ಗೌರವಾರ್ಹ ನಿರ್ಧಾರವೇ. ಪರೀಕ್ಷೆ ಮಾಡಿಸಿದರೂ ಬಿಟ್ಟರೂ ಧೂಮಪಾನದಿಂದ ದೂರವಿರುವುದು ಮತ್ತು ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು ಇಬ್ಬರಿಗೂ ಅನ್ವಯಿಸುತ್ತದೆ, ಏಕೆಂದರೆ ಈ ದೋಷ ಇರುವವರಲ್ಲಿ ಧೂಮಪಾನವೂ ಏರಿದ ರಕ್ತದೊತ್ತಡವೂ ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತವೆ.

ಚರ್ಮ ಕೊಡುವುದರಿಂದ ದೇಹಕ್ಕೆ ಆಗುವ ತೊಂದರೆ ಅಲ್ಪ: ಸ್ಥಳೀಯ ಅರಿವಳಿಕೆ, ಸಣ್ಣ ಗಾಯ, ಚಿಕ್ಕ ಕಲೆ. ಹೆಚ್ಚು ಯೋಚಿಸಬೇಕಾದುದು ಒಪ್ಪಿಗೆ ಪತ್ರದ ಕುರಿತು. ಹೋಲಿಕೆಗಾಗಿ ತಂಡ ನಿಮ್ಮ ಕೋಶಗಳ ನಾಚ್3 ಜೀನನ್ನು ಓದಲೇಬೇಕಾಗುತ್ತದೆ, ಅಂದರೆ ನಿಮ್ಮಲ್ಲಿ ದೋಷವಿದೆಯೋ ಇಲ್ಲವೋ ಎಂಬುದು ಅವರಿಗೆ ನಿಮಗಿಂತ ಮೊದಲೇ ಗೊತ್ತಾಗುತ್ತದೆ. ಆ ಫಲಿತಾಂಶ ನಿಮಗೆ ತಿಳಿಯಬೇಕೋ ಬೇಡವೋ ಎಂಬುದನ್ನು ಸಹಿಗೆ ಮೊದಲೇ ನಿರ್ಧರಿಸಿ ಬರಹದಲ್ಲಿ ದಾಖಲಿಸಿ. ತಿಳಿಯಬೇಕೆಂದಾದರೆ ಸಂಶೋಧನಾ ಪ್ರಯೋಗಾಲಯದ ಫಲಿತಾಂಶವನ್ನು ರೋಗನಿರ್ಣಯ ಪ್ರಯೋಗಾಲಯದಲ್ಲಿ ಹೊಸ ರಕ್ತಮಾದರಿಯಿಂದ ಮತ್ತೊಮ್ಮೆ ಖಚಿತಪಡಿಸುವ ಏರ್ಪಾಡಿದೆಯೇ ಎಂದು ಕೇಳಿ. ಕೋಶಗಳನ್ನು ಎಷ್ಟು ಕಾಲ ಇಡುತ್ತಾರೆ, ಬೇರೆ ತಂಡಗಳಿಗೆ ಕೊಡುತ್ತಾರೆಯೇ, ಮುಂದೆ ನೀವು ಹಿಂದೆ ಸರಿದರೆ ಅವನ್ನು ನಾಶಮಾಡುತ್ತಾರೆಯೇ ಎಂಬುದೂ ಅದೇ ಪತ್ರದಲ್ಲಿರಬೇಕು. ಅಕ್ಕನವರ ನಿರ್ಧಾರ ನಿಮ್ಮದಕ್ಕಿಂತ ಬೇರೆಯಾಗಿರಬಹುದಾದುದರಿಂದ ಇಬ್ಬರೂ ಪ್ರತ್ಯೇಕವಾಗಿ ಮಾತನಾಡಿ ಪ್ರತ್ಯೇಕ ಪತ್ರಗಳಿಗೆ ಸಹಿ ಮಾಡುವುದು ಒಳ್ಳೆಯದು.